ಹಿತ್ತಲಿನ ಕಟ್ಟೆ, ಮಾಡು, ಒಲೆ: ಯಾವುದನ್ನು ಕಟ್ಟಿಸಬೇಕು, ಯಾವುದನ್ನು ತಂದಿಟ್ಟರೆ ಸಾಕು?

ಮನೆಯ ಹಿಂದೆ ಹದಿನೈದಿಪ್ಪತ್ತು ಅಡಿ ಜಾಗ ಉಳಿದಿದೆ. ಸಂಜೆ ಕೂರಲು, ನಾಲ್ಕು ಜನ ಬಂದಾಗ ಊಟ ಹಾಕಲು, ಹಪ್ಪಳ ಒಣಗಿಸಲು ಅಲ್ಲೊಂದು ವ್ಯವಸ್ಥೆ ಆಗಬೇಕು. ಆಗ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಕಲ್ಲಿನ ಕಟ್ಟೆ ಕಟ್ಟಿಸುವುದೋ, ಬೆಂಚು ತಂದು ಹಾಕುವುದೋ? ಮೇಲಿನ ಮಾಡು, ಅಂದರೆ ಚಾವಣಿ, ಹೆಂಚಿನದೋ, ಶೀಟಿನದೋ, ಬಳ್ಳಿ ಚಪ್ಪರವೋ? ಒಲೆ, ಸಿಂಕು ಹೊರಗೂ ಬೇಕೋ? ಕುರ್ಚಿಯನ್ನಾದರೆ ನಾಳೆ ಸರಿಸಬಹುದು. ಗಾರೆ ಹಾಕಿ ಕೂರಿಸಿದ್ದನ್ನು ಎರಡಡಿ ಆಚೆಗೆ ಹಾಕಬೇಕೆಂದರೂ ಒಡೆದೇ ತೆಗೆಯಬೇಕು. ಹಾಗಾಗಿ ಎಲ್ಲಿ ಇರಬೇಕೆಂಬುದು ಖಚಿತವಾದದ್ದನ್ನು ಮಾತ್ರ ಕಟ್ಟಿಸಿ, ಉಳಿದದ್ದನ್ನು ತಂದಿಡಿ ಎಂಬುದೇ ನಮ್ಮ ಸಲಹೆಯ ಸಾರ.

ಮೊದಲು ನೋಡಬೇಕಾದ್ದು

ಎಲ್ಲಕ್ಕಿಂತ ಮೊದಲು ನೀರು. 20 ಅಡಿಗೆ 10 ಅಡಿಯ ಮಾಡಿನ ಮೇಲೆ 50 ಮಿ.ಮೀ. ಮಳೆ ಸುರಿದರೆ ಸುಮಾರು 930 ಲೀಟರ್ ನೀರು ಇಳಿಯುತ್ತದೆ. ಬಯಲುಸೀಮೆಯಲ್ಲೂ ಒಂದು ಜೋರು ಸಂಜೆ ಮಳೆಗೆ ಇಷ್ಟು ಬೀಳುವುದುಂಟು. ಕರಾವಳಿ, ಮಲೆನಾಡಿನ ಆಷಾಢದಲ್ಲಂತೂ ದಿನಗಟ್ಟಲೆ ಇದೇ ಲೆಕ್ಕ. ಆ ನೀರು ಯಾವ ಮೂಲೆಯಿಂದ ಹೊರಹೋಗುತ್ತದೆ ಎಂಬುದು ಗೊತ್ತಾಗದೆ ಒಂದು ಕಲ್ಲನ್ನೂ ಇಡಿಸಬೇಡಿ.

ಎರಡನೆಯದು ಬಿಸಿಲು. ಹಿತ್ತಲು ಪಶ್ಚಿಮಕ್ಕಿದ್ದರೆ ಮಧ್ಯಾಹ್ನ ಎರಡರ ನಂತರ ಬಿಸಿಲು ಓರೆಯಾಗಿ ಒಳಗೆ ನುಗ್ಗುತ್ತದೆ. ತಲೆಯ ಮೇಲೆ ಎಂಥ ಮಾಡು ಹಾಕಿದರೂ ನಾಲ್ಕು ಗಂಟೆಯ ಬಿಸಿಲು ಅದರ ಅಡಿಯಿಂದಲೇ ಬಂದು ಮುಖಕ್ಕೆ ಹೊಡೆಯುತ್ತದೆ. ಅಂಥ ಕಡೆ ಮಾಡಿಗಿಂತ ಮೊದಲು ಪಶ್ಚಿಮದ ಬದಿಗೆ ಆರೇಳು ಅಡಿ ಎತ್ತರದ ಮಣ್ಣಿನ ಜಾಲಿಯ ಗೋಡೆಯೋ ಬಳ್ಳಿ ಹಬ್ಬಿಸಿದ ತಡಿಕೆಯೋ ಬೇಕು.

ಮೂರನೆಯದು ಮಣ್ಣು. ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಕೆಂಪುಮಣ್ಣಿನ ಮೇಲೆ ಒಂದಡಿ ಪಾಯಕ್ಕೆ ನಿಲ್ಲುವ ಕಟ್ಟೆ, ಎರೆಯ ಮೇಲೆ ಒಂದೆರಡು ವರ್ಷದಲ್ಲೇ ಬಾಯಿ ಬಿಡುತ್ತದೆ. ಅಲ್ಲಿ ಎರಡು ಮೂರು ಅಡಿ ಎರೆ ತೆಗೆದು, ಗರಸು ತುಂಬಿ, ಆರಾರು ಅಂಗುಲಕ್ಕೊಮ್ಮೆ ನೀರು ಹಾಕಿ ದಮ್ಮಸ್ಸು ಮಾಡಿಯೇ ಮುಂದುವರಿಯಬೇಕು. ಆ ಖರ್ಚಿಗೆ ಮನಸ್ಸಿಲ್ಲದಿದ್ದರೆ ಅಲ್ಲಿ ಕಟ್ಟುವ ಕೆಲಸವನ್ನೇ ಕಡಿಮೆ ಮಾಡುವುದು ಮೇಲು.

ನಾಲ್ಕನೆಯದು ಬಳಕೆ: ಯಾರು ಕೂರುತ್ತಾರೆ, ವಾರಕ್ಕೆ ಎಷ್ಟು ಸಲ, ಮಂಡಿನೋವಿನವರಿದ್ದಾರೆಯೇ. ಇದನ್ನು ಊಹೆಯಿಂದ ತೀರ್ಮಾನಿಸಬೇಡಿ. ಕಟ್ಟೆ, ಮಾಡಿನ ಕಂಬ, ಸಿಂಕು ಬರುವ ಜಾಗಗಳನ್ನು ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಬರೆದು, ಆ ಗೆರೆಗಳ ಒಳಗೆ ಕುರ್ಚಿ, ಸ್ಟೂಲು ಇಟ್ಟು ಒಂದು ವಾರ ಓಡಾಡಿ ನೋಡಿ. ಬಟ್ಟೆ ಒಣಗಿಸುವ ತಂತಿಗೂ ಕಟ್ಟೆಗೂ ತಗಾದೆ ಇದ್ದರೆ ಆ ವಾರದಲ್ಲೇ ಗೊತ್ತಾಗುತ್ತದೆ.

ಪಟ್ಟಣಗಳಲ್ಲಿ ಇನ್ನೊಂದು ಮಾತು. ಸೈಟಿನ ಹಿಂಬದಿಯ ಸೆಟ್‌ಬ್ಯಾಕ್ (ಕಟ್ಟದೆ ಖಾಲಿ ಬಿಡಬೇಕಾದ) ಜಾಗದಲ್ಲಿ ಕಾಯಂ ಮಾಡು ಎಬ್ಬಿಸುವ ಮುಂಚೆ ನಗರಸಭೆಯ ನಿಯಮ ವಿಚಾರಿಸಿ. ತೆರೆದ ನೆಲ, ತಗ್ಗಿನ ಕಟ್ಟೆಗೆ ಬರದ ಆಕ್ಷೇಪಣೆ ಮಾಡಿಗೆ ಬರುತ್ತದೆ.

ನೆಲ

ನೆಲ ಮಾತ್ರ ಆಮೇಲೆ ನೋಡೋಣ ಎನ್ನುವ ಬಾಬತ್ತಲ್ಲ. ಕಟ್ಟೆಯ ಎತ್ತರ, ನೀರಿನ ವಾಟ, ಪೈಪು ಎಲ್ಲಕ್ಕೂ ಅದೇ ಲೆಕ್ಕದ ಮಟ್ಟ. ಹಿತ್ತಲಿನ ನೆಲ ಮನೆಯ ಪಾಯದ ತೇವತಡೆ ಪಟ್ಟಿಗಿಂತ ಕನಿಷ್ಠ 6 ಅಂಗುಲ ಕೆಳಗಿರಲಿ. ಅದಕ್ಕಿಂತ ಏರಿಸಿದರೆ ಒಳಗೋಡೆಯ ಬುಡದಲ್ಲಿ ಬಣ್ಣ ಉದುರತೊಡಗುತ್ತದೆ, ಗೆದ್ದಲಿಗೂ ದಾರಿಯಾಗುತ್ತದೆ. ವಾಟ ಮನೆಯಿಂದ ಹೊರಮುಖವಾಗಿ, 10 ಅಡಿಗೆ ಒಂದೂವರೆ ಅಂಗುಲ. ಒರಟು ಕಲ್ಲಾದರೆ 2 ಅಂಗುಲ ಕೊಡಿ.

ಬೆಂಗಳೂರು, ಮೈಸೂರು, ತುಮಕೂರು ಸೀಮೆಗೆ ಬೂದು ಗ್ರಾನೈಟ್ ಸಹಜವಾದ ಆಯ್ಕೆ. ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲು ಇದಕ್ಕೆ ಹೆಸರುವಾಸಿ. ಬೆಂಕಿಯ ಜ್ವಾಲೆ ಹಿಡಿದು ಮೇಲ್ಮೈ ಒರಟು ಮಾಡಿದ ‘ಫ್ಲೇಮ್ಡ್’ ಚಪ್ಪಡಿ ಕೇಳಿ. ಪಾಲಿಶ್ ಮಾಡಿದ್ದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಹೊರಗೆ ಬೇಡ, ನೀರು ಬಿದ್ದರೆ ಕಾಲು ನಿಲ್ಲುವುದಿಲ್ಲ. 20 ಮಿ.ಮೀ. ಚಪ್ಪಡಿಗೆ ಅಡಿಯಲ್ಲಿ 3ರಿಂದ 4 ಅಂಗುಲ ಕಾಂಕ್ರೀಟ್ ಬೇಕು. ಎರಡು ಅಂಗುಲದ ದಪ್ಪ ಹಾಸುಗಲ್ಲಾದರೆ ಚೆನ್ನಾಗಿ ದಮ್ಮಸ್ಸು ಮಾಡಿದ ಗರಸು, ಮರಳಿನ ಮೇಲೇ ಕೂರುತ್ತದೆ.

ಶಹಾಬಾದ್ ಮತ್ತು ಕಡಪ ಕಲ್ಲುಗಳು ಕೈಗೆಟಕುವಂಥವು, ಬರಿಗಾಲಿಗೂ ಹಿತ. ಆದರೆ ಎರಡೂ ಸುಣ್ಣದ ಅಂಶದ ಕಲ್ಲುಗಳು. ನಿಂಬೆರಸ, ಹುಣಸೆ ನೀರು, ಬಚ್ಚಲು ತೊಳೆಯುವ ಆಸಿಡ್ ಬಿದ್ದ ಕಡೆ ಮಚ್ಚೆ ಉಳಿಯುತ್ತದೆ. ವರ್ಷಗಟ್ಟಲೆ ತೇವ ಕುಡಿದರೆ ಮೇಲಿನ ಪದರ ಏಳುವುದೂ ಉಂಟು. ಮಾಡಿನ ಅಡಿಗೆ ಒಳ್ಳೆಯವು, ಸಿಂಕು-ಒಲೆಯ ಸುತ್ತ ಬೇಡ.

ಎರೆಮಣ್ಣಿಗೆ ನಮ್ಮ ಮೊದಲ ಆಯ್ಕೆ ಇಂಟರ್‌ಲಾಕ್ ಪೇವರ್. ನೆಲ ಅಲುಗಿದರೆ ಅದೂ ಜೊತೆಗೆ ಅಲುಗುತ್ತದೆ, ಬಿರಿಯುವುದಿಲ್ಲ. ಕುಸಿದ ಕಡೆ ನಾಲ್ಕು ಕಲ್ಲು ಎಬ್ಬಿಸಿ ಮರಳು ತುಂಬಿ ಮತ್ತೆ ಕೂರಿಸಬಹುದು. ನಡೆದಾಡಲು 60 ಮಿ.ಮೀ. ಸಾಕು, ಕಾರು ಬರುವುದಾದರೆ 80. ಅಡಿಯಲ್ಲಿ 4ರಿಂದ 6 ಅಂಗುಲ ಜಲ್ಲಿ-ಪುಡಿಯ ಹಾಸು, ಅದರ ಮೇಲೆ ಒಂದಂಗುಲ ಮರಳು. ಸುತ್ತ ಅಂಚುಕಲ್ಲನ್ನು ಕಾಂಕ್ರೀಟಿನಲ್ಲಿ ಕೂರಿಸುವುದನ್ನು ಮರೆತರೆ ಇಡೀ ನೆಲ ಹೊರಕ್ಕೆ ಜರುಗುತ್ತದೆ. ಪೇವರ್ ಕೆಟ್ಟಿತೆಂಬ ದೂರಿನ ಹಿಂದೆ ಹೆಚ್ಚಿನ ಸಲ ಇದೇ ಇರುತ್ತದೆ.

ಟೆರಾಕೋಟಾ ಬಿಲ್ಲೆ ನೋಡಲು ಬಲು ಚೆಂದ, ಆದರೆ ನೆರಳಲ್ಲಿ ಮಾತ್ರ. ಮಳೆಗೆ ತೆರೆದಿಟ್ಟರೆ ಎರಡನೇ ಮಳೆಗಾಲದಿಂದ ಪಾಚಿ ಉಜ್ಜುವುದೇ ಕೆಲಸವಾಗುತ್ತದೆ.

ಮೇಸ್ತ್ರಿಗೆ ಕೊನೆಯ ಕಂತು ಕೊಡುವ ಮುಂಚೆ ಎರಡು ಬಕೆಟ್ ನೀರನ್ನು ಮನೆಯ ಬದಿಯಿಂದ ಸುರಿಸಿ. ಹತ್ತು ನಿಮಿಷದ ಮೇಲೂ ನೀರು ನಿಂತಿರುವ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಆ ಕಲ್ಲುಗಳನ್ನು ಎಬ್ಬಿಸಿ ಹಾಕಿಸಿ. ಗಾರೆ ಪೂರ್ತಿ ಬಲಿಯುವ ಮುನ್ನ ಇದು ಸುಲಭದ ಕೆಲಸ.

ಕೂರುವ ಕಟ್ಟೆ: ಕಟ್ಟಿಸಿದ್ದೋ, ತಂದಿಟ್ಟಿದ್ದೋ

ಕಟ್ಟೆಯ ದೊಡ್ಡ ಲಾಭ ಜಾಗದ ಉಳಿತಾಯ. ಗೋಡೆಯ ಬದಿಗೆ ಕಟ್ಟಿದ ಆಸನಕ್ಕೆ 18 ಅಂಗುಲ ಸಾಕು. ಕುರ್ಚಿಗೆ, ಎಳೆದು ಎದ್ದು ಕೂರುವ ಜಾಗವೂ ಸೇರಿ, 3 ಅಡಿ ಬೇಕಾಗುತ್ತದೆ. ಹಾಗಾಗಿ 10-12 ಅಡಿ ಅಗಲದ ಚಿಕ್ಕ ಹಿತ್ತಲಿಗೇ ಕಟ್ಟೆ ಹೆಚ್ಚು ಒಪ್ಪುತ್ತದೆ. ದೊಡ್ಡ ಹಿತ್ತಲಿನಲ್ಲಿ ಅದೇ ಕಟ್ಟೆ ಅಂಚಿಗೆ ಅಂಟಿಕೊಂಡು, ಜನ ಕುರ್ಚಿ ಹಿಡಿದು ನಡುವೆ ಕೂರುವಂತಾಗುತ್ತದೆ. ಜಾಗ ಧಾರಾಳವಾಗಿದ್ದವರು ಮೊದಲ ವರ್ಷ ಹಗುರ ಬೆಂಚುಗಳಲ್ಲೇ ಕಳೆದು, ಯಾವ ಮೂಲೆ ತಾನಾಗಿ ಬಳಕೆಗೆ ಬಂತು ನೋಡಿಕೊಂಡು ಕಟ್ಟಿಸುವುದು ಒಳ್ಳೆಯದು.

ಉದ್ದನೆಯ ನೇರ ಕಟ್ಟೆಗಿಂತ ಮೂಲೆ ಹಿಡಿದು ಎರಡು ಗೋಡೆಗೂ ತಿರುಗುವ ಕಟ್ಟೆಯೇ ಮೇಲು. ನೇರ ಸಾಲಿನಲ್ಲಿ ಐದು ಜನ ಕೂತರೆ ಒಬ್ಬರ ಮುಖ ಒಬ್ಬರಿಗೆ ಕಾಣದು. ತಲೆಗೆ 22ರಿಂದ 24 ಅಂಗುಲದ ಲೆಕ್ಕ ಹಿಡಿಯಿರಿ, ಮೂಲೆಯ ಎರಡಡಿಯನ್ನು ಲೆಕ್ಕದಿಂದ ಬಿಡಿ.

ಎತ್ತರ 16ರಿಂದ 18 ಅಂಗುಲ. ಹಿರಿಯರಿದ್ದರೆ 18ಕ್ಕೇ ನಿಲ್ಲಿಸಿ, ಒಂದು ತುದಿಗೆ ಕೈ ಊರಿ ಏಳಲು ತೋಳುಕಟ್ಟೆ ಕೊಡಿ. ಕಾಲು ಮಡಚಿ ಚಕ್ಕಳಮಕ್ಕಳ ಕೂರುವ ಅಭ್ಯಾಸದವರಿಗೆ 18 ಅಂಗುಲದ ಅಗಲ ಸಾಲದು, 24ರಿಂದ 27 ಬೇಕು. ಮಧ್ಯಾಹ್ನ ಮಲಗುವ ಆಸೆ ಇದ್ದರೆ 30.

ಹತ್ತಡಿಯ ಸರಳ ಕಟ್ಟೆಯ ಲೆಕ್ಕ ಹೀಗೆ. 400×200×150 ಮಿ.ಮೀ. ಘನ ಸಿಮೆಂಟ್ ಬ್ಲಾಕ್ ತೆಗೆದುಕೊಂಡರೆ ಎರಡು ವರಸೆಗೆ ಸುಮಾರು 16 ಅಂಗುಲ ಎತ್ತರ ಸಿಗುತ್ತದೆ. ಮೂರು ಮೂರು ಅಡಿಗೊಂದರಂತೆ ನಾಲ್ಕು ಆಧಾರ, ಒಂದೊಂದಕ್ಕೆ ಎರಡು ಬ್ಲಾಕ್, ಒಟ್ಟು ಎಂಟೇ ಬ್ಲಾಕು. ಮೇಲೆ 2 ಅಂಗುಲ ದಪ್ಪ, 18 ಅಂಗುಲ ಅಗಲದ ಗ್ರಾನೈಟ್ ಚಪ್ಪಡಿ, ಚಪ್ಪಡಿಗಳು ಕೂಡುವ ಸಂದುಗಳು ಆಧಾರದ ಮೇಲೇ ಬರುವ ಹಾಗೆ. ಚಪ್ಪಡಿ ಮುಂದಕ್ಕೆ ಒಂದಂಗುಲ ಚಾಚಿರಲಿ, ಆ ಚಾಚಿನ ಅಡಿಯಲ್ಲಿ ಉದ್ದಕ್ಕೂ ಬೆರಳು ಅಗಲಕ್ಕಿಂತ ಕಿರಿದಾದ ಒಂದು ಗೀರು ಕೊರೆಸಿ. ಮಳೆನೀರು ಆ ಗೀರಿಗೆ ಬಂದು ಹನಿಯಾಗಿ ಕೆಳಗೆ ಬೀಳುತ್ತದೆ. ಗೀರಿಲ್ಲದಿದ್ದರೆ ಬ್ಲಾಕಿನ ಮೈಮೇಲೆ ಇಳಿದು ಕಪ್ಪು ಗೆರೆಗಳೇಳುತ್ತವೆ. ಚಪ್ಪಡಿಗೆ ಕಾಲಂಗುಲ ಮುಂಬಾಗು ಇರಲೇಬೇಕು, ಇಲ್ಲವಾದರೆ ಮಳೆ ನಿಂತ ಎರಡು ಗಂಟೆಯ ಮೇಲೂ ಯಾರೂ ಕೂರುವ ಹಾಗಿಲ್ಲ.

ಕಟ್ಟೆಯನ್ನು ಮನೆಯ ಗೋಡೆಗಾಗಲಿ ಕಾಂಪೌಂಡಿಗಾಗಲಿ ಕಚ್ಚಿಸಬೇಡಿ. ಮನೆಯ ಪಾಯ ಆಳದ್ದು, ಕಟ್ಟೆಯದು ಮೇಲಿನದು. ಎರಡೂ ಬೇರೆ ಬೇರೆ ಕೂರುತ್ತವೆ, ಸೇರಿದ ಕಡೆ ಸೀಳು ಬರುತ್ತದೆ, ಆ ಸೀಳಿನಿಂದ ನೀರು ಒಳಗೆ. ಅರ್ಧ ಅಂಗುಲ ಅಂತರ ಬಿಟ್ಟು ಸೀಲೆಂಟ್ ತುಂಬಿಸಿ. ಕಟ್ಟೆಯ ಅಡಿ ಖಾಲಿ ಬಿಟ್ಟರೆ ಕಸಬರಿಗೆ ಹಿಂದಿನವರೆಗೂ ಹೋಗುವಂತಿರಲಿ, ಅರ್ಧ ಮುಚ್ಚಿದ ಕತ್ತಲ ಗೂಡು ಚೇಳು-ಹಾವಿಗೆ ಮನೆ ಮಾಡಿಕೊಟ್ಟಂತೆ. ಅಡಿಯಲ್ಲಿ ಬಾಗಿಲಿಟ್ಟು ಸಾಮಾನು ತುಂಬುವ ಯೋಜನೆ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ನಮ್ಮ ಮಳೆಗಾಲದಲ್ಲಿ ಪ್ಲೈವುಡ್ ಬಾಗಿಲು ಉಬ್ಬಿ ಎರಡು ವರ್ಷವೂ ಬಾಳುವುದಿಲ್ಲ.

ಮಾವು, ಸಪೋಟ, ಬೇವಿನ ಮರವಿದ್ದರೆ ಅದರ ಸುತ್ತ ಕಟ್ಟೆ ಕಟ್ಟುವುದು ನಮ್ಮ ಊರುಗಳಿಗೆ ಹೊಸದಲ್ಲ. ಕಾಂಡದಿಂದ ಎರಡಡಿಯಾದರೂ ಬಿಡಿ, ಮುಖ್ಯವಾಗಿ ಕಾಂಡದ ಬುಡಕ್ಕೆ ಮಣ್ಣು ಏರಿಸಬೇಡಿ. ತೊಗಟೆ ಮಣ್ಣಿನಲ್ಲಿ ಹೂತರೆ ಕೊಳೆಯುತ್ತದೆ, ಮರ ನಿಧಾನವಾಗಿ ಸೊರಗುತ್ತದೆ. ಬೇರು ಕಡಿದು ಪಾಯ ತೋಡುವುದಕ್ಕಿಂತ, ಬೇರಿಲ್ಲದ ಕಡೆ ಆಧಾರ ಇಟ್ಟು ಮೇಲೆ ಚಪ್ಪಡಿ ಹಾಯಿಸಿ. ತೆಂಗಿನ ಮರದ ಅಡಿ ಮಾತ್ರ ಕಟ್ಟೆಯೂ ಬೇಡ, ಬೆಂಚೂ ಬೇಡ.

ಮಾಡು

ಹೆಂಚಿನ ಬಗ್ಗೆ ಎಲ್ಲರಿಗೂ ಪ್ರೀತಿ ಇದೆ, ಅದು ನ್ಯಾಯವಾದ ಪ್ರೀತಿಯೇ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಕಾರ್ಖಾನೆ ಶುರುವಾದಂದಿನಿಂದ ಅದು ನಮ್ಮ ಮಳೆಯಲ್ಲಿ ಪರೀಕ್ಷೆಗೊಂಡಿದೆ. ತಂಪು, ಮಳೆಯ ಸದ್ದು ಹಿತ, ಒಡೆದರೆ ಒಂದನ್ನೇ ಬದಲಿಸಬಹುದು. ತೊಡಕು ಇಳಿಜಾರಿನದು. ಹೆಂಚಿಗೆ ಸುಮಾರು 26ರಿಂದ 30 ಡಿಗ್ರಿ ಇಳಿಜಾರು ಬೇಕು. ಅಂದರೆ 10 ಅಡಿ ಆಳದ ಒಂದೇ ಇಳಿಜಾರಿನ ಮಾಡಿಗೆ 5ರಿಂದ 5¾ ಅಡಿ ಏರು. ಮುಂದಿನ ಸೂರು 7 ಅಡಿಗಿದ್ದರೆ ಹಿಂದಿನ ತುದಿ 12 ಅಡಿ ದಾಟುತ್ತದೆ, ಒಂದು ಅಂತಸ್ತಿನ ಮನೆಯ ತಾರಸಿಗಿಂತ ಮೇಲೆ. ಇಳಿಜಾರು ಕಡಿಮೆ ಮಾಡಿ ಹೊಂದಿಸಿದರೆ ಗಾಳಿ-ಮಳೆಗೆ ನೀರು ಹೆಂಚಿನ ಸಂದಿಯಲ್ಲಿ ಹಿಂದಕ್ಕೆ ನುಗ್ಗಿ ಒಳಗೆ ತೊಟ್ಟಿಕ್ಕುತ್ತದೆ. ಹಾಗಾಗಿ ಮನೆಗೆ ಅಂಟಿದ ಹೆಂಚಿನ ಮಾಡು ಬೇಕೆಂದರೆ ಆಳವನ್ನು 6-7 ಅಡಿಗೆ ಇಳಿಸಿ. ಅದಕ್ಕಿಂತ ದೊಡ್ಡದು ಬೇಕೆಂದರೆ ಮನೆಯಿಂದ ಬಿಡಿಸಿ, ಎರಡೂ ಕಡೆ ಇಳಿಯುವ ಮಾಡು ಮಾಡಿಸಿ.

ಚದರ ಮೀಟರಿಗೆ ಸುಮಾರು 15 ಹೆಂಚು ಹಿಡಿಯುತ್ತವೆ. 200 ಚದರಡಿ ಇಳಿಜಾರಿಗೆ 280, ಒಡೆಯುವ ಲೆಕ್ಕಕ್ಕೆ ಇನ್ನೊಂದು 15 ಸೇರಿಸಿ. ಮನೆ ಕೆಡವಿದ ಕಡೆಯ ಹಳೆ ಹೆಂಚು ಸಿಕ್ಕರೆ ಬಲು ಒಳ್ಳೆಯದು, ಆದರೆ ಬೆರಳ ಗೆಣ್ಣಿನಿಂದ ಒಂದೊಂದನ್ನೂ ತಟ್ಟಿ ನೋಡಿ. ಖಣ್ ಎಂದರೆ ಗಟ್ಟಿ, ಮಂದ ಸದ್ದು ಬಂದರೆ ಒಳಗೆ ಸೀಳಿದೆ. ಬೇರೆ ಬೇರೆ ಕಾರ್ಖಾನೆಯ ಹೆಂಚು ಬೆರೆಸಬೇಡಿ, ಒಂದರ ಏಣು ಇನ್ನೊಂದರ ತೋಡಿಗೆ ಕೂರುವುದಿಲ್ಲ. ತಂದ ಹೆಂಚನ್ನೇ ಜೋಡಿಸಿ ಅಳೆದ ಮೇಲೆ ರೀಪಿನ (ಹೆಂಚು ಕೂರುವ ಅಡ್ಡಪಟ್ಟಿಯ) ಅಂತರ ನಿರ್ಧರಿಸಿ, ಸಾಮಾನ್ಯವಾಗಿ 12-13 ಅಂಗುಲ ಬರುತ್ತದೆ. ಕೋತಿಗಳ ಓಡಾಟವಿರುವ ಊರಿನಲ್ಲಿ ಮಾತ್ರ ಈ ಆಯ್ಕೆಯನ್ನು ಇನ್ನೊಮ್ಮೆ ಯೋಚಿಸಿ.

ಪಾಲಿಕಾರ್ಬೊನೇಟ್ ಶೀಟಿಗೆ 10 ಡಿಗ್ರಿ ಇಳಿಜಾರು ಸಾಕು, 10 ಅಡಿಗೆ 1¾ ಅಡಿ ಏರು. ಅಡುಗೆಮನೆಗೆ ಬೆಳಕು ಕತ್ತರಿಸುವುದಿಲ್ಲ. ಆದರೆ ಪಾರದರ್ಶಕ ಶೀಟಿನ ಅಡಿ ಏಪ್ರಿಲ್ ಮಧ್ಯಾಹ್ನ ಕೂರಲಾಗದು; ಹಾಲುಬಿಳುಪಿನದೋ ಕಂದು ಬಣ್ಣದ್ದೋ ತೆಗೆದುಕೊಳ್ಳಿ. ಬಿಸಿಲುತಡೆ ಲೇಪದ ಮೈ ಮೇಲ್ಮುಖವಾಗಿರಬೇಕು. ತಿರುಗಿಸಿ ಹಾಕಿದ ಶೀಟು ಬೇಗ ಹಳದಿಯಾಗಿ ಪುಡಿಯಾಗುತ್ತದೆ. 3 ಮೀಟರ್ ಶೀಟು ಚಳಿಗೂ ಬಿಸಿಲಿಗೂ ನಡುವೆ 8 ಮಿ.ಮೀ.ನಷ್ಟು ಹಿಗ್ಗುತ್ತದೆ. ಸ್ಕ್ರೂಗಿಂತ ತೂತು ದೊಡ್ಡದಿರಬೇಕು, ವಾಷರ್ ಹಿಡಿಯಬೇಕು, ಬಿಗಿದು ಕಚ್ಚಿಸಬಾರದು. ಟೊಳ್ಳು ಶೀಟಿನ ತುದಿಗಳನ್ನು ಟೇಪ್ ಹಾಕಿ ಮುಚ್ಚದಿದ್ದರೆ ಒಳಗೆ ಪಾಚಿ ಹಿಡಿಯುತ್ತದೆ, ತೊಳೆಯಲು ದಾರಿಯಿಲ್ಲ.

ಬಣ್ಣದ ತಗಡು ಇವೆಲ್ಲಕ್ಕಿಂತ ಬೇಗ ಮುಗಿಯುವ, ಖರ್ಚು ಕಡಿಮೆಯ ಕೆಲಸ. ಮಳೆಯಲ್ಲಿ ಮಾತು ಕೇಳಿಸದು, ಬೇಸಿಗೆಯಲ್ಲಿ ಕಾವು ಕೆಳಗೆ ಹೊಡೆಯುತ್ತದೆ, ಕಡಲ ಗಾಳಿಯಿರುವ ಊರಲ್ಲಿ ಕತ್ತರಿಸಿದ ಅಂಚಿನಿಂದ ತುಕ್ಕು ಶುರು. ಒಗೆಯುವ ಜಾಗಕ್ಕೆ, ಸೌದೆ-ಸ್ಕೂಟರಿಗೆ ಸರಿ. ಕೂತು ಮಾತಾಡುವ ಜಾಗಕ್ಕೆ ನಾವು ಹೇಳುವುದಿಲ್ಲ.

ಬಳ್ಳಿ ಚಪ್ಪರಕ್ಕೆ ಹಳೆ ಮೈಸೂರಿನ ಕಲ್ಲುಕಂಬಗಳಷ್ಟು ಒಳ್ಳೆಯ ಆಧಾರವಿಲ್ಲ: ಗೆದ್ದಲಿಲ್ಲ, ತುಕ್ಕಿಲ್ಲ. 10 ಅಡಿಯ ಕಂಬ ಎರಡಡಿ ಹೂತರೆ 8 ಅಡಿ ಉಳಿಯುತ್ತದೆ. ಮೇಲೆ ಜಿಐ ಪೈಪಿನ ಚೌಕಟ್ಟು, ಅಡಿಗೊಂದು ತಂತಿ. ಅವರೆ, ಹೀರೆ ಒಂದೇ ಹಂಗಾಮಿನವು. ತೊಂಡೆ, ಮಲ್ಲಿಗೆ, ಪ್ಯಾಶನ್ ಫ್ರೂಟ್ ಉಳಿಯುತ್ತವೆ. ನೆರಳು ತುಂಬಲು ಒಂದೂವರೆ-ಎರಡು ವರ್ಷ ಕಾಯಬೇಕು. ಮಳೆ ತಡೆಯುವುದಿಲ್ಲ, ಎಲೆ ಉದುರುತ್ತದೆ, ಕಂಬಳಿಹುಳು ಬರುತ್ತದೆ. ಆದರೂ ಬಯಲುಸೀಮೆಯ ಬೇಸಿಗೆಗೆ ಇದರ ತಂಪಿನ ಮುಂದೆ ಶೀಟು ನಿಲ್ಲದು. ಕರಾವಳಿಯಲ್ಲಾದರೆ ಅಡಿಕೆ ಮರದ ಕಂಬ, ಸೋಗೆಯ ಚಪ್ಪರ ಬೇಸಿಗೆ ಮಟ್ಟಿಗೆ ಹಾಕಿ ಮಳೆಗೆ ಮುಂಚೆ ತೆಗೆಯುವ ಪದ್ಧತಿಯೇ ಇದೆ.

ಯಾವ ಶೀಟಿನ ಮಾಡಾದರೂ ಮೂರು ಕಡೆ ತೆರೆದಿದ್ದರೆ ಗಾಳಿ ಅದನ್ನು ಮೇಲಕ್ಕೆತ್ತಲು ನೋಡುತ್ತದೆ. ಕಂಬವೊಂದಕ್ಕೆ ಒಂದೂವರೆ ಅಡಿ ಚೌಕ, ಎರಡಡಿ ಆಳದ ಕಾಂಕ್ರೀಟ್ ಹಾಕಿದರೆ ಸುಮಾರು 300 ಕಿಲೋ ಭಾರ ಸಿಗುತ್ತದೆ. ಕಬ್ಬಿಣದ ಕಂಬದ ಬುಡದ ಪ್ಲೇಟು ನೆಲಕ್ಕಿಂತ ಒಂದಂಗುಲ ಮೇಲಿರಲಿ. ನೆಲದಲ್ಲಿ ಹೂತ ಕಂಬ ತುಕ್ಕು ಹಿಡಿಯುವುದು ಸರಿಯಾಗಿ ನೆಲಮಟ್ಟದಲ್ಲೇ.

ನೀರು, ಒಲೆ

ಹೊರಗಿನ ಅಡುಗೆ ಕಟ್ಟೆಯಲ್ಲಿ ಮೂರು ಮಜಲು. ನಲ್ಲಿ ಮತ್ತು ಕಲ್ಲು. ಅದರ ಮೇಲೆ ಸಿಂಕು ಮತ್ತು ಗ್ಯಾಸ್. ಕೊನೆಗೆ ಸೌದೆ ಒಲೆ. ಮೊದಲನೆಯದು ಎಲ್ಲ ಮನೆಗೂ ಬೇಕು. 3 ಅಡಿಗೆ 2 ಅಡಿಯ ಒಗೆಯುವ ಕಲ್ಲು, 28ರಿಂದ 30 ಅಂಗುಲ ಎತ್ತರಕ್ಕೆ. ವಾಷಿಂಗ್ ಮಷಿನ್ ಬಂದ ಮೇಲೆ ಇದನ್ನು ಕೈಬಿಡುವವರೇ ಹೆಚ್ಚು, ಆದರೆ ಹಲಸು ಬಿಡಿಸಲು, ಮೀನು ತೊಳೆಯಲು, ಕಾಲೊರಸು ಉಜ್ಜಲು ಇದಕ್ಕೆ ಬದಲಿಲ್ಲ. ನೀರು 75 ಮಿ.ಮೀ. ಪೈಪಿನಲ್ಲಿ, ಜಾಲಿ ಇರುವ ಟ್ರ್ಯಾಪ್ ಮೂಲಕ ಹೋಗಲಿ. ಸೋಪಿನ ತಿಳಿನೀರನ್ನು ಬಾಳೆಗೆ ಬಿಡಬಹುದು. ಎಣ್ಣೆ ಜಿಡ್ಡನ್ನು ಬಿಡಬೇಡಿ, ಮಣ್ಣು ಬಿಗಿದು ನಾರುತ್ತದೆ.

ಗ್ಯಾಸ್ ಇಡುವುದಾದರೆ ಕಟ್ಟೆ 32ರಿಂದ 34 ಅಂಗುಲ ಎತ್ತರ, 24 ಅಂಗುಲ ಅಗಲ. ಎಲ್‌ಪಿಜಿ ಗಾಳಿಗಿಂತ ಭಾರ. ಸಿಲಿಂಡರ್ ಗೂಡಿಗೆ ಕಿಂಡಿಗಳು ನೆಲಮಟ್ಟದಲ್ಲೇ ಇರಬೇಕು, ಮೇಲೆ ಮಾತ್ರ ಇದ್ದರೆ ಸೋರಿದ ಅನಿಲ ಅಡಿಯಲ್ಲೇ ನಿಲ್ಲುತ್ತದೆ. ಸಿಲಿಂಡರ್ ನೆಟ್ಟಗಿರಲಿ, ಪಕ್ಕದಲ್ಲಿ ಚರಂಡಿಯ ಬಾಯಿ ಇರದಿರಲಿ.

ಸೌದೆ ಒಲೆಯ ಬಗ್ಗೆ ತಪ್ಪು ಆಗುವುದು ಕಲ್ಲಿನ ಆಯ್ಕೆಯಲ್ಲಿ. ಗ್ರಾನೈಟ್ ನೇರ ಉರಿಗೆ ಚಕ್ಕೆ ಏಳುತ್ತದೆ, ಹೊಳೆಯ ಗುಂಡುಕಲ್ಲು ಒಳಗಿನ ತೇವ ಆವಿಯಾಗಿ ಸಿಡಿಯಬಹುದು, ಸಿಮೆಂಟ್ ಗಾರೆ ಬಿರಿಯುತ್ತದೆ. ಉರಿ ತಾಗುವ ಒಳಮೈಗೆ ಫೈರ್‌ಬ್ರಿಕ್ ಮತ್ತು ಫೈರ್‌ಕ್ಲೇ (ಉರಿ ತಡೆಯುವ ಇಟ್ಟಿಗೆ ಮತ್ತು ಜೇಡಿ); ಅಥವಾ ನಮ್ಮ ಅಜ್ಜಿಯರ ಹಾಗೆ ಮಣ್ಣು, ಹೊಟ್ಟು, ಸೆಗಣಿ ಕಲಸಿದ ಒಲೆ, ಬಿರಿದಾಗ ಮೆತ್ತಿದರಾಯಿತು. ತಿಂಗಳಿಗೆ ಎರಡು ಸಲಕ್ಕಿಂತ ಕಡಿಮೆ ಉರಿಸುವವರು ಕಟ್ಟಿಸಲೇಬೇಡಿ, ಕಬ್ಬಿಣದ ಒಲೆ ತಂದಿಡಿ. ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುವುದರಿಂದ ಆ ಮೂಲೆಯಲ್ಲಿ ಒಲೆ ಹೂಡಿದರೆ ಹೊಗೆ ಮನೆಯೊಳಗೆ ಬರುತ್ತದೆಯೇ ನೋಡಿಕೊಳ್ಳಿ.

ವಿದ್ಯುತ್ತಿಗೆ ಪ್ರತ್ಯೇಕ ಲೈನು, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಲೈನು ಕಡಿಯುವ ಸ್ವಿಚ್ಚು), ಮಳೆಗೆ ತಡೆಯುವ ಮುಚ್ಚಳದ ಸಾಕೆಟ್ಟು. ಇದರಲ್ಲಿ ರಿಯಾಯಿತಿ ಇಲ್ಲ.

ಯಾರಿಗೆ ಯಾವುದು

30×40 ಸೈಟಿನ ಹಿಂದೆ ನಾಲ್ಕೈದು ಅಡಿ ಮಾತ್ರ ಇರುವವರಿಗೆ: ಒರಟು ಗ್ರಾನೈಟ್ ನೆಲ, 18 ಅಂಗುಲದ ಕಟ್ಟೆ, ಒಗೆಯುವ ಕಲ್ಲು. ಮಾಡು ಬೇಡ, ಗಾಳಿ-ಬೆಳಕು ಎರಡೂ ಹೋಗುತ್ತವೆ.

ಹಿರಿಯರಿರುವ, ದಿನಾ ಸಂಜೆ ಬಳಸುವ ಮನೆಗೆ: ದುಡ್ಡಿನ ಬಹುಪಾಲು ನೆಲಕ್ಕೂ ಮಾಡಿಗೂ ಹೋಗಲಿ. ಮನೆಯ ಬಾಗಿಲಿನಿಂದ ಮೆಟ್ಟಿಲು 6 ಅಂಗುಲ ಮೀರದಿರಲಿ, ಹಿಡಿಕೆ ಇರಲಿ. ಒಲೆ ಆಮೇಲೆ.

ಕರಾವಳಿ, ಮಲೆನಾಡಿನವರಿಗೆ: ಮಾಡೇ ಮೊದಲು, ಮೂರಡಿ ಸೂರು ಚಾಚಿ. ಮಳೆ ಓರೆಯಾಗಿ ಬರುವ ಊರಲ್ಲಿ ಕಟ್ಟೆಯನ್ನು ಮಾಡಿನ ಅಂಚಿಗಲ್ಲ, ಒಳಗಿನ ಗೋಡೆಯ ಬದಿಗೆ ಇಡಿ.

ಈ ವರ್ಷ ದುಡ್ಡು ಕಡಿಮೆ, ಮುಂದೆ ಮಾಡುವ ಆಸೆಯಿದೆ ಎನ್ನುವವರಿಗೆ: ನೆಲ ಮಾತ್ರ ಮಾಡಿಸಿ. ಆದರೆ ನೆಲ ಹಾಕುವ ಮುಂಚೆ ಸಿಂಕು ಬರುವ ಮೂಲೆಗೆ 75 ಮಿ.ಮೀ. ಪೈಪು, ನಲ್ಲಿಗೆ ಒಂದು ಲೈನು, ವೈರಿಗೆ ಎರಡು ಖಾಲಿ ಪೈಪು, ಮುಂದಿನ ಮಾಡಿನ ನಾಲ್ಕು ಕಂಬಗಳಿಗೆ ಕಾಂಕ್ರೀಟ್ ಪಾಯ ಹಾಕಿಸಿಬಿಡಿ. ಖಾಲಿ ಪೈಪಿನೊಳಗೆ ನೈಲಾನ್ ದಾರ ಎಳೆದು, ಎರಡೂ ಬಾಯಿಗೆ ಮುಚ್ಚಳ ಹಾಕಿ. ಮಣ್ಣು ಮುಚ್ಚುವ ಮೊದಲು ಗೋಡೆಯಿಂದ ಅಳತೆಪಟ್ಟಿ ಹಿಡಿದು ಪ್ರತಿಯೊಂದರ ಫೋಟೋ ತೆಗೆದು, ಮನೆಯ ನಕ್ಷೆಯ ಜೊತೆ ಇಟ್ಟುಕೊಳ್ಳಿ.